ವೇಟಿಂಗ್ ಲಿಸ್ಟಿನಲ್ಲಿ ಮಗಳ ಹೆಸರು

ಬೇಸಿಗೆ ಬಂತೆಂದರೆ ಮೊದಲೆಲ್ಲ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯ ಗಡಿಬಿಡಿ ಅಷ್ಟೇ. ಈಗ ಅದರ ಜೊತೆಗೆ ಮಕ್ಕಳ ಕಾಲೇಜು ಪ್ರವೇಶದ ಗಡಿಬಿಡಿಯೂ ಸೇರಿಕೊಂಡಿದೆ. ಪದವಿ ಮುಗಿಸಿ ಎಂ.ಬಿ.ಎ. ಓದಬೇಕೆಂದು ಐಐಎಂಗಳಿಗೆ ಅರ್ಜಿ ಹಾಕುವ ಮಕ್ಕಳು ನಮ್ಮ ಸಣ್ಣ ಊರುಗಳಲ್ಲೂ ಇದ್ದಾರೆ. ಸೀಟು ಸಿಕ್ಕರೆ ಸಿಹಿ ಹಂಚುತ್ತೇವೆ. ಸಿಗದಿದ್ದರೆ ನಾಲ್ಕು ದಿನ ಬೇಜಾರು ಮಾಡಿಕೊಂಡು ಸುಮ್ಮನಾಗುತ್ತೇವೆ. ಆದರೆ ಸಿಕ್ಕಿತು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ, ‘ವೇಟಿಂಗ್ ಲಿಸ್ಟ್’ ಎಂದು ಬಂದರೆ?

ನಾನು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ. ನಮ್ಮ ಯಜಮಾನರದು ಪುಟ್ಟ ಅಂಗಡಿ. 2025ರ ಮೇ ತಿಂಗಳಲ್ಲಿ ಬಿ.ಕಾಂ. ಮುಗಿಸಿದ್ದ ನಮ್ಮ ಮಗಳಿಗೆ ಒಂದು ಐಐಎಂನ ಪಟ್ಟಿಯಲ್ಲಿ 84ನೇ ಸಂಖ್ಯೆ ಬಂತು. ಆಗ ಕೇಳಿ, ಓದಿ ತಿಳಿದುಕೊಂಡದ್ದು ನಿಮಗೂ ಉಪಯೋಗಕ್ಕೆ ಬರಬಹುದೆಂದು ಇಲ್ಲಿ ಬರೆದಿದ್ದೇನೆ.

ಈ ಪಟ್ಟಿ ಹೇಗೆ ಮುಂದೆ ಸರಿಯುತ್ತದೆ?

ಐಐಎಂಗಳಿಗೆ ಸೇರಲು ‘ಕ್ಯಾಟ್’ ಎಂಬ ಪರೀಕ್ಷೆ. ನವೆಂಬರ್ ಕೊನೆಯ ಹೊತ್ತಿಗೆ ನಡೆಯುತ್ತದೆ. ಅದರಲ್ಲಿ ಒಳ್ಳೆಯ ಅಂಕ ಬಂದವರಿಗೆ ಮುಂದಿನ ವರ್ಷದ ಆರಂಭದ ತಿಂಗಳುಗಳಲ್ಲಿ ಸಂದರ್ಶನ. ಏಪ್ರಿಲ್, ಮೇ ಹೊತ್ತಿಗೆ ಆಯ್ಕೆ ಪಟ್ಟಿ. ಜೂನ್ ಸುಮಾರಿಗೆ ತರಗತಿ ಶುರು.

ಜಾತ್ರೆಯ ದಿನ ಬಸ್‌ಸ್ಟ್ಯಾಂಡ್ ನೆನಪು ಮಾಡಿಕೊಳ್ಳಿ. ಒಬ್ಬನೇ ನಾಲ್ಕು ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದಿರುತ್ತಾನೆ. ಕೂರುವುದು ಮಾತ್ರ ಒಂದರಲ್ಲಿ. ಉಳಿದ ಮೂರು ಸೀಟು ನಿಂತವರ ಪಾಲು. ಇಲ್ಲಿಯೂ ಹಾಗೆಯೇ. ಹೆಚ್ಚು ಅಂಕದವರಿಗೆ ಮೂರು ನಾಲ್ಕು ಕಡೆ ಸೀಟು ಬಂದಿರುತ್ತದೆ. ಅವರು ಒಂದನ್ನು ಆರಿಸಿಕೊಂಡು ಮಿಕ್ಕವನ್ನು ಬಿಟ್ಟಂತೆ ಪಟ್ಟಿ ಮುಂದೆ ಸರಿಯುತ್ತದೆ. ಎಲ್ಲರೂ ಆಸೆಪಡುವ ದೊಡ್ಡ ಸಂಸ್ಥೆಯನ್ನು ಬಿಡುವವರು ಕಡಿಮೆ. ಹಾಗಾಗಿ ಅಲ್ಲಿ ಪಟ್ಟಿ ಸರಿಯುವುದೂ ಕಡಿಮೆ. ಸಾಮಾನ್ಯ, ಒಬಿಸಿ, ಎಸ್‌ಸಿ, ಎಸ್‌ಟಿ, ಇಡಬ್ಲ್ಯುಎಸ್ ಪಟ್ಟಿಗಳು ಬೇರೆ ಬೇರೆಯಾಗಿ ಸರಿಯುತ್ತವೆ. ಪಕ್ಕದ ಬೀದಿಯ ಹುಡುಗನ ಸಂಖ್ಯೆಯನ್ನು ನಮ್ಮ ಮಗುವಿನ ಸಂಖ್ಯೆಗೆ ಹೋಲಿಸಿ ಪ್ರಯೋಜನವಿಲ್ಲ.

ಶಿಫಾರಸಿನಿಂದ ಈ ಸಂಖ್ಯೆ ಬದಲಾಗುವುದಿಲ್ಲ. ಕ್ಯಾಟ್, ಸಂದರ್ಶನ, ಹಿಂದಿನ ಪರೀಕ್ಷೆಗಳ ಅಂಕ ಇವನ್ನೆಲ್ಲ ಕೂಡಿಸಿ ಮಾಡಿದ ಕ್ರಮ ಅದು. ‘ನಮಗೆ ಒಳಗಡೆ ಗೊತ್ತಿರೋರಿದ್ದಾರೆ, ಇಷ್ಟು ಕೊಟ್ಟರೆ ಮೇಲೆ ತರ್ತೀವಿ’ ಎಂದು ಯಾರಾದರೂ ಫೋನ್ ಮಾಡಿದರೆ ಅದು ಮೋಸವೆಂದೇ ತಿಳಿಯಿರಿ. ಅಮೆರಿಕದ ಕಾಲೇಜುಗಳ ರೀತಿ ಸ್ವಲ್ಪ ಬೇರೆ. ಪಟ್ಟಿಯಲ್ಲಿ ಉಳಿಯುತ್ತೀರಾ ಎಂದು ಅವರೇ ಕೇಳುತ್ತಾರೆ. ಹೊಸದಾಗಿ ಏನಾದರೂ ಸಾಧಿಸಿದ್ದರೆ ಪತ್ರ ಬರೆಯಲು ಕೆಲವು ಕಡೆ ಅವಕಾಶವಿದೆ.

ಕೈಯಲ್ಲಿರುವ ಸೀಟು ಬಿಡಬೇಡಿ

ನಮ್ಮ ಮಗಳಿಗೆ ಮೈಸೂರಿನ ಒಂದು ಕಾಲೇಜಿನಲ್ಲೂ ಸೀಟು ಸಿಕ್ಕಿತ್ತು. ಮೇ 20ರೊಳಗೆ 50,000 ರೂಪಾಯಿ ಮೊದಲ ಕಂತು ಕಟ್ಟಬೇಕು. ಕಟ್ಟದಿದ್ದರೆ ಸೀಟು ಹೋಗುತ್ತದೆ. ಕಟ್ಟಿದ ಮೇಲೆ ಐಐಎಂ ಸಿಕ್ಕರೆ ದುಡ್ಡು ಹೋಗುತ್ತದೆಯೋ ಏನೋ! ಯಜಮಾನರು ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ನಮ್ಮಂಥವರಿಗೆ ಅದು ಸಣ್ಣ ಮೊತ್ತವೇ ಹೇಳಿ!

ಆಗ ಮಗಳೇ ನಿಯಮ ಹುಡುಕಿ ಓದಿದಳು. ಎಐಸಿಟಿಇ ಮಾನ್ಯತೆಯ ಕಾಲೇಜುಗಳಲ್ಲಿ, ಕೋರ್ಸು ಶುರುವಾಗುವ ಮೊದಲೇ ಸೀಟು ಬಿಟ್ಟರೆ 1,000 ರೂಪಾಯಿ ಮೀರದಷ್ಟು ಮಾತ್ರ ಹಿಡಿದುಕೊಂಡು ಉಳಿದದ್ದನ್ನು ವಾಪಸು ಕೊಡಬೇಕು. ಮೂಲ ಅಂಕಪಟ್ಟಿಗಳನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ. ಆದರೂ ನೀವು ಸೇರುವ ಕಾಲೇಜಿನ ನಿಯಮವನ್ನು, ಸೀಟು ಬಿಡಲು ಕೊನೆಯ ದಿನ ಯಾವುದೆಂಬುದನ್ನು ಬರವಣಿಗೆಯಲ್ಲೇ ಕೇಳಿ ಪಡೆಯಿರಿ. ಬಾಯಿಮಾತನ್ನು ನಂಬಬೇಡಿ. ನಾವೂ ಹಾಗೆ ಕೇಳಿ, ಉತ್ತರ ಬಂದ ಮೇಲೆ ಹಣ ಕಟ್ಟಿದೆವು. ನಮ್ಮ ರಾಜ್ಯದ ಕಾಲೇಜುಗಳಿಗೆ ಪಿಜಿಸಿಇಟಿ ಎಂಬ ಇನ್ನೊಂದು ದಾರಿಯೂ ಇದೆ. ಅದರ ಅರ್ಜಿಯ ದಿನಾಂಕದ ಮೇಲೂ ಕಣ್ಣಿಡಿ.

ದುಡ್ಡು, ಕಾಗದ ಸಿದ್ಧವಿರಲಿ

ಪಟ್ಟಿಯಿಂದ ಕರೆ ಬಂದರೆ ಹಣ ಕಟ್ಟಲು ಕೊಡುವ ದಿನಗಳು ಕೆಲವೇ. ತಪ್ಪಿದರೆ ಸೀಟು ಮುಂದಿನವರಿಗೆ ಹೋಗುತ್ತದೆ. ಆದ್ದರಿಂದ ಮಕ್ಕಳು ದಿನಾ ಬೆಳಿಗ್ಗೆ ಸಂಜೆ ಇ-ಮೇಲ್ ನೋಡಲಿ, ಸ್ಪ್ಯಾಮ್ ಪೆಟ್ಟಿಗೆಯನ್ನೂ ಬಿಡದೆ.

ದೊಡ್ಡ ಐಐಎಂಗಳಲ್ಲಿ ಎರಡು ವರ್ಷದ ಶುಲ್ಕ 20 ಲಕ್ಷ ದಾಟಿದೆ. ಗಾಬರಿಯಾಗಿ ಒಡವೆ ಅಡ ಇಡಲು ಓಡಬೇಡಿ. ಮೊದಲು ಬ್ಯಾಂಕಿನಲ್ಲಿ ವಿಚಾರಿಸಿ. ಆಯ್ದ ಒಳ್ಳೆಯ ಸಂಸ್ಥೆಗಳಿಗೆ ಸೇರುವ ಮಕ್ಕಳಿಗೆ ಅಡಮಾನ, ಜಾಮೀನು ಇಲ್ಲದೆ ಸಾಲ ಕೊಡುವ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಒಬಿಸಿ ಮೀಸಲಾತಿಯವರಾದರೆ ರಾಜ್ಯದ ಜಾತಿ ಪತ್ರವೊಂದೇ ಸಾಲದು. ಕೇಂದ್ರದ ನಮೂನೆಯ ಪತ್ರ ಬೇಕು. ಅದಕ್ಕೆ ಮುಂಚೆಯೇ ತಾಲ್ಲೂಕು ಕಚೇರಿಗೆ ಹೋಗಿ ಬನ್ನಿ.

ನೆಂಟರಿಷ್ಟರ ಬಾಯಿ

ಎಲ್ಲಕ್ಕಿಂತ ಕಷ್ಟದ ಕೆಲಸ ಇದೇ ನೋಡಿ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬೇಡಿ. ಊರಿಗೆಲ್ಲ ಹೇಳಿಕೊಂಡರೆ ದಿನಾ ಹತ್ತು ಜನ ‘ಏನಾಯ್ತು?’ ಎಂದು ಕೇಳುತ್ತಾರೆ. ಉತ್ತರ ಕೊಡಬೇಕಾದ್ದು ಮಗು.

ಹೆಣ್ಣುಮಕ್ಕಳಾದರಂತೂ ಇನ್ನೊಂದು ಮಾತು ತಪ್ಪಿದ್ದಲ್ಲ. ಆ ಮೇ ತಿಂಗಳಲ್ಲೇ ನಮ್ಮ ನಾದಿನಿ ಒಂದು ಸಂಬಂಧ ತಂದರು. ಹುಡುಗ ಬ್ಯಾಂಕಿನಲ್ಲಿ ಕೆಲಸ, ಒಳ್ಳೆಯ ಮನೆತನ, ತಿಂಗಳ ಕೊನೆಯೊಳಗೆ ಉತ್ತರ ಬೇಕು. “ಅತ್ತಿಗೆ, ಸೀಟು ಸಿಗೋದು ಗ್ಯಾರಂಟಿ ಇಲ್ಲ ಅಂತೀರಿ. ಇದು ಕೈಗೆ ಬಂದಿರೋದು. ಯೋಚನೆ ಮಾಡಿ” ಎಂದರು. ಯಜಮಾನರು ನನ್ನ ಮುಖ ನೋಡಿದರು. ನಾನು ಹೇಳಿದೆ: “ಅವಳು ಈ ವರ್ಷ ಓದೋದಂತೂ ಗ್ಯಾರಂಟಿ. ಎಲ್ಲಿ ಅನ್ನೋದಷ್ಟೇ ಗೊತ್ತಿಲ್ಲ. ಓದು ಮುಗಿಯೋ ತನಕ ಮದುವೆ ಮಾತು ಬೇಡ.” ನಾದಿನಿಗೆ ಬೇಜಾರಾಯಿತು. ಒಂದು ತಿಂಗಳು ಫೋನ್ ಮಾಡಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಮಗಳು ಏನೂ ಮಾತಾಡದೆ ಒಳಗೆ ಹೋಗಿ ಚಪಾತಿ ಲಟ್ಟಿಸಿದಳು.

ಪಟ್ಟಿ ನಿಂತುಬಿಟ್ಟರೆ

84 ಇದ್ದದ್ದು 52 ಆಯಿತು. ಆಮೇಲೆ 23. ಜೂನ್ ತಿಂಗಳಲ್ಲಿ ಅಲ್ಲಿಗೇ ನಿಂತಿತು. “ಇಪ್ಪತ್ತಮೂರೇ ಜನ ಕಣಮ್ಮ” ಎಂದು ಅತ್ತಳು. ‘ಆದದ್ದೆಲ್ಲ ಒಳ್ಳೇದಕ್ಕೆ’ ಎಂದು ಆಗ ನಾನು ಹೇಳಲಿಲ್ಲ. ಅಂಥ ಹೊತ್ತಿನಲ್ಲಿ ಮಕ್ಕಳಿಗೆ ಉಪದೇಶ ಹಿಡಿಸುವುದಿಲ್ಲ. ಪಕ್ಕದಲ್ಲಿ ಕೂತಿದ್ದೆ. ನಾಲ್ಕನೆಯ ದಿನ ತಾನಾಗಿಯೇ ಮೈಸೂರಿನ ಹಾಸ್ಟೆಲಿಗೆ ಬೇಕಾದ ಸಾಮಾನಿನ ಪಟ್ಟಿ ಬರೆಯಲು ಕೂತಳು. ಈಗ ಅಲ್ಲೇ ಓದುತ್ತಿದ್ದಾಳೆ. ಆ ಮೊದಲ ಕಂತು ಕಟ್ಟಿರದಿದ್ದರೆ ಆ ವರ್ಷ ಮನೆಯಲ್ಲೇ ಕೂರಬೇಕಾಗಿತ್ತು.

ಇನ್ನೊಮ್ಮೆ ಪ್ರಯತ್ನಿಸುವ ಆಸೆ ಇರುವ ಮಕ್ಕಳಿಗೂ ದಾರಿಯಿದೆ. ಕ್ಯಾಟ್ ಬರೆಯಲು ವಯಸ್ಸಿನ ಮಿತಿಯಿಲ್ಲ, ಇಷ್ಟೇ ಸಲ ಎಂಬ ಲೆಕ್ಕವೂ ಇಲ್ಲ. ಆದರೆ ಹಳೆಯ ಅಂಕ ಮುಂದಿನ ಸಾಲಿಗೆ ನಡೆಯುವುದಿಲ್ಲ, ಹೊಸದಾಗಿ ಬರೆಯಬೇಕು. ಕೆಲಸದ ಅನುಭವಕ್ಕೆ ಹಲವು ಐಐಎಂಗಳಲ್ಲಿ ಅಂಕವಿದೆ. ಒಂದೆರಡು ವರ್ಷ ಕೆಲಸ ಮಾಡಿ ಬರೆದರೆ ಕಾಲ ವ್ಯರ್ಥವಾಯಿತೆಂದು ತಿಳಿಯಬೇಕಾಗಿಲ್ಲ.

ಈ ವರ್ಷ ನಿಮ್ಮ ಮನೆಗೂ ಇಂಥ ಸಂಖ್ಯೆಯೊಂದು ಬಂದರೆ, ಸೋದರಿಯರೇ, ಗೋಡೆಯ ಕ್ಯಾಲೆಂಡರಿನಲ್ಲಿ ಹಣ ಕಟ್ಟುವ ದಿನ, ಸೀಟು ಬಿಡಲು ಕೊನೆಯ ದಿನ, ತರಗತಿ ಶುರುವಾಗುವ ದಿನ ಈ ಮೂರಕ್ಕೂ ಗುರುತು ಹಾಕಿ. ಮಗು ಫೋನ್ ಹಿಡಿದು ಊಟ ಬಿಟ್ಟು ಕೂತಿದ್ದರೆ ಕರೆದು ತಟ್ಟೆ ಹಾಕಿ. ಕೇಳುವವರಿಗೆ ‘ಈ ವರ್ಷ ಓದುತ್ತಾಳೆ’ ಎಂದಷ್ಟೇ ಹೇಳಿ.