ಬೆಳೆಯುವ ಕಣ್ಣು, ಬೆಳೆಯದ ಮಸೂರ

ಮಗುವಿನ ಕಣ್ಣಿನ ಪೊರೆ ತೆಗೆಸಿ ಒಳಗೆ ಕೃತಕ ಮಸೂರವನ್ನು ಇಡಿಸಿದ ಮೇಲೆ ಕನ್ನಡಕವೇಕೆ ಎಂದು ಕೇಳುವವರು ಕೊಚ್ಚಿ, ತಿರುವನಂತಪುರಗಳಲ್ಲಿ ದುಡಿಯುವ ನಮ್ಮವರಲ್ಲಿಯೂ ಇದ್ದಾರೆ. ಅವರಿಗಾಗಿ ಈ ನಾಲ್ಕು ಮಾತು.

ಹುಟ್ಟಿದ ಶಿಶುವಿನ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರು, ದೊಡ್ಡವರದು 23-24. ಈ ಬೆಳವಣಿಗೆಯ ಹೆಚ್ಚಿನ ಪಾಲು ಮೊದಲ ಎರಡು ವರ್ಷಗಳಲ್ಲಿಯೇ ಆಗುವುದು. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿಯವರು ಮೊದಲು ಬಳಸಿದ ಕೃತಕ ಮಸೂರವಾದರೋ ಬೆಳೆಯದು. ಕಣ್ಣು ಉದ್ದವಾದಂತೆ ಬಿಂಬವು ಅಕ್ಷಿಪಟಲದ ಮುಂದೆಯೇ ಮೂಡಿ ದೂರದ ನೋಟ ಮಸುಕಾಗುವುದು. ಇದನ್ನರಿತೇ ವೈದ್ಯರು ಎಳೆಯರಿಗೆ ಕಡಮೆ ಶಕ್ತಿಯ ಮಸೂರವನ್ನಿಟ್ಟು, ಕೊರತೆಯನ್ನು ಕನ್ನಡಕದಿಂದ ತುಂಬಿಸುವರು. ಕಣ್ಣು ಬೆಳೆದಂತೆ ಕನ್ನಡಕವನ್ನು ಬದಲಿಸುವರು. ತೀರ ಎಳೆಯ ಕೂಸಿಗೆ ಮಸೂರವಿಡುವುದನ್ನೇ ಮುಂದೂಡುವುದೂ ಉಂಟು.

ಕನ್ನಡಕ ತಪ್ಪಿದರೆ ಮಸುಕು ಬಿಂಬವನ್ನೇ ಪಡೆದ ಮಿದುಳು ಆ ಕಣ್ಣನ್ನು ಕಡೆಗಣಿಸುವುದು. ಎಳವೆ ಕಳೆದ ಮೇಲೆ ಆ ನೋಟ ಮರಳುವುದು ದುರ್ಲಭ. ಕಣ್ಣಿನೊಳಗಿನ ಒತ್ತಡ ವರ್ಷಗಳ ಅನಂತರ ಏರುವ ಭಯವೂ ಇದೆ.

ಆದುದರಿಂದ, ಊರಿಗೆ ಹೋದಾಗ ತೋರಿಸಿದರಾಯಿತೆಂದು ತಪಾಸಣೆಯನ್ನು ತಪ್ಪಿಸಬಾರದು. ತಿರುವನಂತಪುರದಲ್ಲಿ ಸರ್ಕಾರದ ಪ್ರಾದೇಶಿಕ ನೇತ್ರ ಸಂಸ್ಥೆಯಿದೆ, ಕೊಚ್ಚಿಯಲ್ಲಿಯೂ ನೇತ್ರಾಲಯಗಳಿವೆ. ಮಾಲೀಕರಲ್ಲಿ ನಮ್ಮದೊಂದು ವಿನಂತಿ: ತಪಾಸಣೆಯ ದಿನ ಆ ತಂದೆಗೆ ರಜೆ ಕೊಡಿರಿ. ಹೋಟೆಲು ನಡೆಸಿದ ನಾವು ಬಲ್ಲೆವು, ಒಂದು ದಿನ ಆಳು ಕಡಮೆಯಾದರೂ ಅಡಿಗೆಮನೆ ನಡೆದೀತು.