ಹಳೇ ಕಾರ್ಖಾನೆ ದೊಡ್ಡದಾಗಲು ಹೊಸ ಅನುಮತಿ ಬೇಡವೇ? ಹರಿಹರದ ಹೊಳೆ ದಂಡೆಯ ಲೆಕ್ಕ

"ಆ ಫ್ಯಾಕ್ಟರಿ ಐವತ್ತು ವರ್ಷದಿಂದ ನಡೀತಿದೆ. ಕಾಂಪೌಂಡ್ ಒಳಗೇ ಇನ್ನೊಂದು ಯೂನಿಟ್ ಹಾಕ್ಕೊಂಡ್ರೆ ಯಾರನ್ನ ಕೇಳಬೇಕು?" ಇಂಥ ಮಾತು ಟೀ ಅಂಗಡಿಯಲ್ಲೂ ವಾಟ್ಸಾಪ್ ಗುಂಪಿನಲ್ಲೂ ಸಾಮಾನ್ಯ. ಅದರ ಜೊತೆಗೇ, "ಅಹವಾಲು ಸಭೆಗೆ ಹೆಚ್ಚು ಜನ ಹೋಗಿ ಬೇಡ ಅಂದರೆ ಯೋಜನೆ ರದ್ದು" ಎಂಬ ಮಾತೂ ಓಡಾಡುತ್ತದೆ. ಎರಡೂ ಸರಿಯಲ್ಲ.

ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟಿದರೆ ಕುಮಾರಪಟ್ಟಣ. ಅಲ್ಲಿಂದ ಹಾವೇರಿ ಜಿಲ್ಲೆ ಶುರು. ನೀಲಗಿರಿಯಂಥ ಮರದಿಂದ ತಿರುಳು ತೆಗೆಯುವ ಹರಿಹರ ಪಾಲಿಫೈಬರ್ಸ್ 1972ರಲ್ಲಿ ಶುರುವಾದದ್ದು ಇಲ್ಲೇ. ಗ್ರಾಸಿಮ್ ಕಂಪನಿಯ ಈ ಘಟಕದ ಪಕ್ಕದಲ್ಲೇ ತಿರುಳಿನಿಂದ ನೂಲಿನ ಎಳೆ ತಯಾರಾಗುತ್ತದೆ. ತಿರುಳು, ರೇಯಾನ್ ಎರಡೂ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿವೆ. ಇಂಥ ಕಾರ್ಖಾನೆ ಎಷ್ಟೇ ಹಳೆಯದಿರಲಿ, ಉತ್ಪಾದನೆ ಹೆಚ್ಚಿಸುವ ಮೊದಲು ಸಾಮಾನ್ಯವಾಗಿ ಪರಿಸರ ಅನುಮತಿ ಪಡೆಯಬೇಕು. ಕೆಲವು ಸಣ್ಣ ವಿಸ್ತರಣೆಗಳಿಗೆ, ಕೆಲವು ಕೈಗಾರಿಕಾ ಪ್ರದೇಶಗಳಿಗೆ ಅಹವಾಲು ಸಭೆಯಿಂದ ವಿನಾಯಿತಿ ಇದೆ, ನಿಜ. ಹಾಗಂತ "ಹಳೇದು, ಆದ್ದರಿಂದ ಬೇಡ" ಎಂಬ ನಿಯಮ ಎಲ್ಲೂ ಇಲ್ಲ.

ಯಾಕೆ ಇಷ್ಟೆಲ್ಲ? ಒಂದು ಲೆಕ್ಕ ನೋಡೋಣ. ನದಿಗೆ ಬಿಡುವ ತ್ಯಾಜ್ಯ ನೀರಿನಲ್ಲಿ ಬಿಒಡಿ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು ಎಂಬುದು ಸಾಮಾನ್ಯ ಮಿತಿ. ಬಿಒಡಿ ಅಂದರೆ ಆ ಕೊಳೆ ಕರಗಲು ನೀರಿನಿಂದ ಎಷ್ಟು ಆಮ್ಲಜನಕ ಎಳೆದುಕೊಳ್ಳುತ್ತದೆ ಎಂಬ ಅಳತೆ. ಉದಾಹರಣೆಗೆ, ಒಂದು ಕಾರ್ಖಾನೆ ದಿನಕ್ಕೆ 1 ಕೋಟಿ ಲೀಟರ್ ಬಿಡುತ್ತಿದೆ, ಮಿತಿಯೊಳಗೇ ಇದೆ ಎಂದಿಟ್ಟುಕೊಳ್ಳಿ. ದಿನಕ್ಕೆ 300 ಕೆಜಿ ಆಯಿತು. ವಿಸ್ತರಣೆಯಾಗಿ 2 ಕೋಟಿ ಲೀಟರ್ ಆದರೆ? ಲೀಟರಿಗೆ ಅದೇ 30 ಮಿಲಿಗ್ರಾಂ, ಆದರೆ ಹೊಳೆಗೆ ಸೇರುವುದು 600 ಕೆಜಿ. "ಮಿತಿಯೊಳಗೇ ಇದ್ದೇವೆ" ಎಂಬ ಮಾತು ಎರಡೂ ಸಲ ಸುಳ್ಳಲ್ಲ. ಮೀನು ಉಸಿರಾಡುವ ಹೊಳೆ ಮಾತ್ರ ದೊಡ್ಡದಾಗಿರುವುದಿಲ್ಲ. ಬೇಸಿಗೆಯಲ್ಲಿ ಇನ್ನೂ ಸಣ್ಣದಾಗಿರುತ್ತದೆ!

ಹಾಗಾಗಿ ವರದಿ ಕೈಗೆ ಸಿಕ್ಕರೆ ನಾವು ಮೊದಲು ಹುಡುಕುವುದು ತಿಂಗಳು: ನದಿ ನೀರಿನ ಮಾದರಿ ತೆಗೆದದ್ದು ಯಾವಾಗ? ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕು. ಡಿಸೆಂಬರಿನ ತುಂಗಭದ್ರೆಗೂ ಏಪ್ರಿಲಿನದಕ್ಕೂ ಎಷ್ಟು ವ್ಯತ್ಯಾಸ ಅಂತ ಹರಿಹರದವರಿಗೆ ಹೇಳಬೇಕಾಗಿಲ್ಲ.

ಎರಡನೆಯದು, ಹೆಚ್ಚುವರಿ ಕಚ್ಚಾ ಮಾಲು ಎಲ್ಲಿಂದ? ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲೇ ಉತ್ತರ ಇದೆ. ಮರದ ಪೂರೈಕೆಗೆಂದು 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿದವು. ಸುಮಾರು 75,000 ಎಕರೆಯಲ್ಲಿ ನೀಲಗಿರಿ ಬೆಳೆಸುವ ಯೋಜನೆ. ಕಾಗದದಲ್ಲಿ ಅದು ಸರ್ಕಾರಿ ಜಾಗ. ಊರವರಿಗೆ ದನದ ಹುಲ್ಲುಗಾವಲು, ಸೌದೆ. ಸಮಾಜ ಪರಿವರ್ತನ ಸಮುದಾಯ ಮತ್ತು ಎಸ್.ಆರ್. ಹಿರೇಮಠರ ಮುಂದಾಳತ್ವದಲ್ಲಿ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1987ರ ನವೆಂಬರ್ 14ರಂದು ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ಉಪಯೋಗದ ಗಿಡ ನೆಟ್ಟರು. "ಕಿತ್ತಿಕೊ-ಹಚ್ಚಿಕೊ" ಎಂಬ ಹೆಸರು ಅಲ್ಲಿಂದ ಬಂತು. 1991ರಲ್ಲಿ ಕಂಪನಿಯನ್ನೇ ಮುಚ್ಚುವ ತೀರ್ಮಾನವಾಯಿತು. ಮೊದಲೇ ಊರವರನ್ನು ಕೇಳಿದ್ದರೆ ಕಂಪನಿಗೂ ಖರ್ಚು ಉಳಿಯುತ್ತಿತ್ತು ಅನ್ನಿಸುತ್ತದೆ. ಆಗ ಕೇಳುವ ಕಾನೂನೇ ಇರಲಿಲ್ಲ: ಪರಿಸರ ಅಧ್ಯಯನ ಕಡ್ಡಾಯವಾದದ್ದು 1994ರಲ್ಲಿ, ಅಹವಾಲು ಸಭೆ ಸೇರಿದ್ದು 1997ರಲ್ಲಿ.

ಈಗ ಸಭೆಯ ವಿಷಯ. ಅದು ಮತದಾನವಲ್ಲ. ಕೋರಂ ಇಲ್ಲ, ಕೈ ಎತ್ತಿ ಎಣಿಸುವುದಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿ ಸಭೆ ನಡೆಸುತ್ತದೆ, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸುತ್ತಾರೆ, ಪೂರ್ತಿ ವಿಡಿಯೋ ಆಗುತ್ತದೆ. ತೀರ್ಮಾನ ಮಾಡುವವರು ಬೇರೆ: ರೇಯಾನ್, ತಿರುಳಿನಂಥ ದೊಡ್ಡ ಯೋಜನೆಯಾದರೆ ಕೇಂದ್ರ ಪರಿಸರ ಸಚಿವಾಲಯ, ತಜ್ಞರ ಸಮಿತಿಯ ಶಿಫಾರಸಿನ ಮೇಲೆ. ಹಾಗಾಗಿ "ಬೇಡ, ಬೇಡ" ಎಂಬ ಇನ್ನೂರು ಕೂಗಿಗಿಂತ "ನಮ್ಮ ಬೋರ್‌ವೆಲ್ ನೀರು ಪರೀಕ್ಷಿಸಿದ್ದೀರಾ, ಯಾವ ತಿಂಗಳು?" ಎಂಬ ಒಂದು ಪ್ರಶ್ನೆಗೆ ತೂಕ ಹೆಚ್ಚು. ದಾಖಲಾದ ಆಕ್ಷೇಪಕ್ಕೆ ಕಂಪನಿ ಅಂತಿಮ ವರದಿಯಲ್ಲಿ ಉತ್ತರ ಕೊಡಲೇಬೇಕು.

"ವರದಿಗೆ ದುಡ್ಡು ಕೊಡೋದು ಕಂಪನಿಯೇ, ಎಲ್ಲ ಸುಳ್ಳು" ಎನ್ನುವವರೂ ಇದ್ದಾರೆ. ದುಡ್ಡು ಕೊಡುವುದು ಕಂಪನಿಯೇ, ಹೌದು. ಅದಕ್ಕೇ ಕರಡು ವರದಿಯನ್ನು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯ್ತಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಓದಲು ಇಡಬೇಕು, ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು ಎಂಬ ನಿಯಮ.

ಸಭೆ ನಡೆಯುವುದು ಕಾರ್ಖಾನೆ ಇರುವ ಜಿಲ್ಲೆಯಲ್ಲಿ. ಕುಮಾರಪಟ್ಟಣದ್ದಾದರೆ ಹಾವೇರಿ ಜಿಲ್ಲೆಯಲ್ಲಿ. ಆದರೆ ಅಧ್ಯಯನ ಸಾಮಾನ್ಯವಾಗಿ 10 ಕಿಲೋಮೀಟರ್ ಸುತ್ತಳತೆಯದ್ದು. ಹೊಳೆಯಾಚೆಯ ಹರಿಹರ ಅದರೊಳಗೇ ಬರುತ್ತದೆ. ಹರಿಹರ, ದಾವಣಗೆರೆಯವರು ಮಂಡಳಿಗೆ ಲಿಖಿತ ಆಕ್ಷೇಪ ಕಳಿಸಬಹುದು.

ಅನುಮತಿ ಸಿಕ್ಕ ಮೇಲೆ ಷರತ್ತು ಪಾಲನೆಯ ವರದಿಯನ್ನು ಕಂಪನಿ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು. ಅದು ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ಕೇಳಬಹುದು. ಮುಂದಿನ ಸಲ ಕಾರ್ಖಾನೆ ಬಗ್ಗೆ ಫಾರ್ವರ್ಡ್ ಬಂದಾಗ ಮೊದಲು ಈ ವರದಿ ಕೇಳಿ ನೋಡಿ.