ತಾಳದ ಮೇಲೆ ಮಾತು

ಮೂಡಿಗೆರೆಯಿಂದ ಕಳಸಕ್ಕೆ ಬಸ್ಸಿನಲ್ಲಿ ಹೊರಟಿದ್ದೆವು. ಕೊಟ್ಟಿಗೆಹಾರ ದಾಟಿತು. ಹಿಂದಿನ ಸೀಟಿನ ಹುಡುಗ ಮೊಬೈಲಿನಲ್ಲಿ ಏನೋ ಹಾಕಿದ. ದಬ್ ದಬ್ ಅಂತ ತಾಳ. ಅದರ ಮೇಲೆ ಒಬ್ಬ ಪಟಪಟ ಮಾತಾಡ್ತಾನೆ. ರಾಗವೇ ಇಲ್ಲ. "ಇದೂ ಒಂದು ಹಾಡೇನಪ್ಪಾ?" ಅಂತ ಕೇಳಿದೆವು. ಹುಡುಗ ನಕ್ಕ. "ಇದು ರ‍್ಯಾಪ್" ಅಂದ.

ರ‍್ಯಾಪ್ ಎಲ್ಲಿಂದ ಬಂತು ಗೊತ್ತೆ?

ಅಮೆರಿಕದ ನ್ಯೂಯಾರ್ಕ್ ಪಟ್ಟಣದಲ್ಲಿ ಬ್ರಾಂಕ್ಸ್ ಎಂಬ ಭಾಗವಿದೆ. ಅಲ್ಲಿ ಬಡವರು ಬಹಳ. ಕಪ್ಪು ಜನರೂ ಬಹಳ. ಸಿಂಡಿ ಎಂಬ ಹುಡುಗಿಗೆ ಶಾಲೆಗೆ ಹೊಸ ಬಟ್ಟೆ ಬೇಕಿತ್ತು. ಕೈಯಲ್ಲಿ ದುಡ್ಡಿಲ್ಲ. 1973ರ ಆಗಸ್ಟ್ 11ರಂದು ಅವಳು ತಾವಿದ್ದ ಕಟ್ಟಡದಲ್ಲೇ ಒಂದು ಕುಣಿತದ ಕೂಟ ಇಟ್ಟಳು. ಬಂದವರಿಂದ ಚೂರು ಕಾಸು ತೆಗೆದುಕೊಂಡಳು. ಹಾಡು ಹಾಕಿದವನು ಅವಳ ಅಣ್ಣ. ಅವನನ್ನು ಕೂಲ್ ಹರ್ಕ್ ಅಂತ ಕರೀತಿದ್ದರು.

ಹರ್ಕ್ ಒಂದು ವಿಷಯ ಗಮನಿಸಿದ್ದ. ಹಾಡು ನಿಂತು ಬರೀ ಡೋಲು ಬಾರಿಸುವ ಕಡೆ ಜನ ಜಾಸ್ತಿ ಕುಣೀತಾರೆ. ಆದರೆ ಆ ಜಾಗ ಬೇಗ ಮುಗಿದುಹೋಗುತ್ತೆ. ಏನು ಮಾಡೋದು? ಒಂದೇ ಹಾಡಿನ ಎರಡು ಗ್ರಾಮಫೋನ್ ತಟ್ಟೆ ಇಟ್ಟುಕೊಂಡ. ಒಂದರಲ್ಲಿ ಡೋಲು ಮುಗಿದ ಕೂಡಲೆ ಇನ್ನೊಂದರಲ್ಲಿ ಶುರು ಮಾಡಿದ. ತಾಳ ನಿಲ್ಲಲೇ ಇಲ್ಲ. ಆ ತಾಳದ ಮೇಲೆ ಪ್ರಾಸ ಕಟ್ಟಿ ಮಾತಾಡೋದೇ ರ‍್ಯಾಪ್. ಈ ಮಾತು, ತಟ್ಟೆಯ ಕೈಚಳಕ, ನೆಲಕ್ಕೆ ಬಿದ್ದು ಏಳುವ ಕುಣಿತ, ಗೋಡೆಯ ಚಿತ್ರ, ಎಲ್ಲ ಸೇರಿ ಹಿಪ್ ಹಾಪ್.

ಮೊದಮೊದಲು ಹೆಚ್ಚಾಗಿ ಮೋಜಿನ ಮಾತೇ ಇತ್ತು. 1982ರಲ್ಲಿ 'ದಿ ಮೆಸೇಜ್' ಎಂಬ ಹಾಡು ಬಂತು. ಹಾಗೆಂದರೆ ಸಂದೇಶ. ಹಾಡಿದವರು ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದವರು. ಕೇರಿಯ ಕಸ, ಇಲಿ ಕಾಟ, ಸಾಲ, ಬಿಟ್ಟು ಹೋಗಲಾರದ ಸಂಕಟ, ಎಲ್ಲ ಅದರಲ್ಲಿತ್ತು. ಅದೇ ಹೆಸರಿನ ಆಲ್ಬಮ್ಮೂ ಬಂತು. ಆಲ್ಬಂ ಅಂದ್ರೆ ಹಾಡುಗಳ ಗೊಂಚಲು. ಹಿಂದೆ ಒಂದು ಕ್ಯಾಸೆಟ್ಟಿನಲ್ಲಿ ಬರ್ತಿತ್ತಲ್ಲ, ಹಾಗೆ.

ಹೆಂಗಸರನ್ನು ಹೀಗಳೆಯುವ ರ‍್ಯಾಪ್ ಕೂಡ ಉಂಟು. ಹಾಗಂತ ಹೆಂಗಸರು ಬಾಯಿ ಮುಚ್ಚಿ ಕೂರಲಿಲ್ಲ. ಲಾರಿನ್ ಹಿಲ್ ಎಂಬಾಕೆ 1998ರಲ್ಲಿ ತಂದ ಆಲ್ಬಮ್ಮಿನಲ್ಲಿ ತಾಯ್ತನ, ಪ್ರೀತಿ, ಮೋಸದ ಮಾತಿದೆ. ಅದಕ್ಕೆ ಮರುವರ್ಷ ಗ್ರ್ಯಾಮಿ ಎಂಬ ದೊಡ್ಡ ಬಹುಮಾನ ಬಂತು. ಕೆಂಡ್ರಿಕ್ ಲಮಾರ್ ಎಂಬಾತನ ಆಲ್ಬಮ್ಮಿಗೆ 2018ರಲ್ಲಿ ಪುಲಿಟ್ಜರ್ ಬಹುಮಾನ ಸಿಕ್ಕಿತು. ಅಲ್ಲೀತನಕ ಆ ಬಹುಮಾನ ಶಾಸ್ತ್ರೀಯ ಸಂಗೀತಕ್ಕೆ, ಜಾಝ್‌ಗೆ ಮಾತ್ರ ಹೋಗ್ತಿತ್ತು.

ಕನ್ನಡದಲ್ಲೂ ರ‍್ಯಾಪ್ ಇದೆ. ಪಕ್ಕದ ಹಾಸನ ಜಿಲ್ಲೆಯ ಚಂದನ್ ಶೆಟ್ಟಿ ಹೆಸರು ಮನೆಮನೆಗೆ ಗೊತ್ತು. 2018ರಲ್ಲಿ ಟೀವಿಯ ಬಿಗ್ ಬಾಸ್ ಗೆದ್ದವರು ಅವರೇ. ಅವರ '3 ಪೆಗ್' ಹಾಡು ಹುಡುಗರಿಗೆ ಬಾಯಿಪಾಠ. ನಮಗೆ ಮಾತ್ರ ಕುಡಿತದ ಹಾಡು ಹಿಡಿಸೋದಿಲ್ಲ. ಯಾಕೆ ಅಂತ ಲೈನು ಮನೆಯ ಹೆಂಗಸರನ್ನು ಕೇಳಿ.

ಬಸ್ಸಿನ ಹುಡುಗ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದ. ಅವನೂ ಬರೀತಾನಂತೆ. ತಾಳಕ್ಕೆ ಕೂರದ ಮಾತುಗಳನ್ನು ಗೀಟು ಹಾಕಿ ಹೊಡೆದಿದ್ದ. ಪುಟದ ತುಂಬ ಪೇಟೆಯ ಕಾರು, ಬೈಕು. "ಕಾಫಿ ಕುಯ್ಲು, ಸಂಜೆಯ ತೂಕ, ಜಿಗಣೆ, ತೋಟಕ್ಕೆ ನುಗ್ಗುವ ಆನೆ, ಇದೆಲ್ಲ ಎಲ್ಲಪ್ಪಾ?" ಅಂದೆವು. ಅವನು ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಪೆನ್ನಿನ ಟೋಪಿ ತೆಗೆದ.